ಬಾಣಂತಿಯ ಬಯಕೆ

(ಮಹೋತ್ಸವದ ಮಹಿಳಾಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಗರ್ಭಿಣಿಯರ ಮತ್ತು ಬಾಣಂತಿಯರ ಆಹಾರ ಹಾಗೂ ಮನಸ್ಸಿನ ಆರೋಗ್ಯವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ನಾನು ವಾಗ್ಮಿಯಲ್ಲ, ವಿದುಷಿಯೂ ಅಲ್ಲ. 34 ವರುಷಗಳ ಕಾಲ ಸರಕಾರೀ ದವಾಖಾನೆಗಳಲ್ಲಿ ಹೆರಿಗೆ ಮಾಡಿಸಿ ಈಗ ನಿವೃತ್ತಳಾಗಿರುವ ಒಬ್ಬ ವೈದ್ಯೆ. ನನ್ನ ಕೈಯಲ್ಲಿ ಹುಟ್ಟಿದ ಕೂಸುಗಳು ಈ ಸಭೆಯಲ್ಲಿ ತಮ್ಮ ಕೂಸುಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿರುವದನ್ನು ಇಲ್ಲಿಂದಲೇ ಕಾಣುತ್ತಿದ್ದೇನೆ. ಈ ಸಲಿಗೆಯ ಬಲದಿಂದಲೇ ಇಂದು ಕೆಲವು ಮನೆಯೊಳಗಿನ ಸಂಗತಿಗಳನ್ನು ಬಹಿರಂಗವಾಗಿ ಆಡಲು ಧೈರ್ಯ ಮಾಡಿರುವೆನು. ಮಾತು ಕಟುವಾದಲ್ಲಿ ಮನ್ನಿಸಬೇಕು.

ನಮ್ಮ ಸೀಮೆಯಲ್ಲಿ ಹೆಣ್ಣುಮಗಳೊಬ್ಬಳು ಬಸುರಾದಳೆಂಬ ಸುದ್ದಿ ಹೊರಬಿದ್ದೊಡನೆ ನೆರೆಹೊರೆಯವರು ಕೇಳುವ ಮೊದಲ ಮಾತು, 'ಏನ್ ಬಯಕಿ ಆಗೇತಿ ನಿನಗ?' ಎಂಬದು. ಒಬ್ಬಾಕೆ ಹುಣಿಸೆಯ ಕಾಯಿ ತರುವಳು. ಇನ್ನೊಬ್ಬಾಕೆ ಹುರಿದ ಶೇಂಗಾ ತರುವಳು. ಕುಬುಸದ ದಿನ ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಬಗೆಬಗೆಯ ಅಡಿಗೆಯನ್ನು ಎಡೆಮಾಡಿ ಉಣಿಸುವರು. ಬಸುರಿಯ ಮನಸ್ಸನ್ನು ನೋಯಿಸಬಾರದೆಂಬ ಈ ತಿಳಿವಳಿಕೆಯು ಬಹು ಪುರಾತನವಾದದ್ದು. ನಮ್ಮ ಆಯುರ್ವೇದದ ಆಚಾರ್ಯರು ಗರ್ಭಿಣಿಯನ್ನು 'ದೌಹೃದಿನಿ' ಎಂದರು. ಅಂದರೆ ತನ್ನದೊಂದು, ಕೂಸಿನದೊಂದು, ಹೀಗೆ ಎರಡು ಹೃದಯಗಳುಳ್ಳವಳು. ಆಕೆಯ ಬಯಕೆಯನ್ನು ಅಲ್ಲಗಳೆಯಬಾರದೆಂದು ಅವರು ವಿಧಿಸಿದರು. ಗರ್ಭವನ್ನು ನಿಲ್ಲಿಸತಕ್ಕವುಗಳಲ್ಲಿ ಮನಸ್ಸಿನ ಪ್ರಸನ್ನತೆಯೇ ಮಿಗಿಲೆಂದು ಚರಕಸಂಹಿತೆಯು ಎಣಿಸಿದೆ. (ಬಸುರಿಯ ಬಯಕೆಯು ಮಣ್ಣು, ಬೂದಿ, ಹಸಿ ಅಕ್ಕಿಗಳ ಮೇಲೆ ಹೋದರೆ ಮಾತ್ರ ನಕ್ಕು ಸುಮ್ಮನಾಗಬೇಡಿರಿ, ಅದು ಬಹುಶಃ ಮೈಯಲ್ಲಿ ಕಬ್ಬಿಣದ ಅಂಶ ಕುಂದಿರುವದರ ಗುರುತು. ರಕ್ತಪರೀಕ್ಷೆ ಮಾಡಿಸತಕ್ಕದ್ದು.)

ಇಷ್ಟೆಲ್ಲ ಅಕ್ಕರೆಯಿಂದ ಕೇಳುತ್ತಿದ್ದ ಆ ಪ್ರಶ್ನೆಯು ಕೂಸು ಹುಟ್ಟಿದ ಮರುದಿನದಿಂದ ನಿಂತುಹೋಗುವದು. ಮುಂದೆ ಎಲ್ಲರೂ ಕೇಳುವದು ಕೂಸನ್ನು ಕುರಿತು: ಹಾಲು ಕುಡಿಯಿತೇ, ಮಲಗಿತೇ, ಯಾರ ಹಾಗಿದೆ. ತಾಯಿಗೆ ಪ್ರಶ್ನೆಗಳಿಲ್ಲ, ಅಪ್ಪಣೆಗಳಿವೆ. ಇದನ್ನು ಉಣ್ಣು, ಅದನ್ನು ಮುಟ್ಟಬೇಡ, ಏಳಬೇಡ, ನೀರು ಕುಡಿಯಬೇಡ, ಅಳಬೇಡ, ಅತ್ತರೆ ಹಾಲು ಬತ್ತುವದು. ಬಸುರಿಗೆ ಬಯಕೆ ಕೇಳಿದ ನಾವು ಬಾಣಂತಿಗೂ ಬಯಕೆಯುಂಟೆಂಬದನ್ನು ಮರೆಯುತ್ತೇವೆ. ಈ ಮರೆವಿಗೆ ನಾವು ತೆರುವ ಬೆಲೆಯನ್ನು ತಮ್ಮ ಲಕ್ಷ್ಯಕ್ಕೆ ತರುವದೇ ಈ ಹೊತ್ತಿನ ನನ್ನ ಮಾತಿನ ಉದ್ದೇಶ.

ಪರರ ಮನೆಯ ದೃಷ್ಟಾಂತವೇಕೆ? ನನ್ನ ಮನೆಯದನ್ನೇ ಹೇಳುತ್ತೇನೆ. 1987ನೆಯ ಇಸವಿಯ ಆಷಾಢದಲ್ಲಿ ನನ್ನ ತಂಗಿ ಮೂರನೆಯ ಹೆರಿಗೆಗೆಂದು ತವರಿಗೆ ಬಂದಳು. ಹುಟ್ಟಿದ್ದು ಮೂರನೆಯ ಹೆಣ್ಣುಕೂಸು. ನಾನು ಆಗ ದೂರದ ತಾಲೂಕಿನ ಆರೋಗ್ಯಕೇಂದ್ರದಲ್ಲಿದ್ದೆ. ಒಂಬತ್ತನೆಯ ದಿನ ರಜೆ ಪಡೆದು ಬಂದೆ. ಕಿಟಕಿ ಮುಚ್ಚಿದ ಕೋಣೆ; ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ; ಕಿವಿಯಲ್ಲಿ ಅರಳೆ, ತಲೆಗೆ ಬಿಗಿದ ಬಟ್ಟೆ. ತಂಗಿಯ ನಾಡಿ ನೋಡಿದೆ, ಹೊಲಿಗೆ ನೋಡಿದೆ, ಕೂಸನ್ನು ತೂಗಿ ನೋಡಿದೆ. ಎಲ್ಲವೂ ಸರಿಯಾಗಿತ್ತು. ಹೊರಡುವಾಗ ಅವಳು ನನ್ನ ಸೆರಗು ಹಿಡಿದು, 'ಅಕ್ಕಾ, ಈ ಕೂಸು ನಂದಲ್ಲ ಅನಸ್ತೈತಿ' ಅಂದಳು. ನಾನು ವೈದ್ಯಕೀಯ ಪದವಿ ಪಡೆದವಳು. ನಕ್ಕು, 'ಮೂರನೇದೂ ಹೆಣ್ಣಾತಂತ ಬ್ಯಾಸರ ಮಾಡ್ಕೋಬ್ಯಾಡ, ಮಲಕೋ' ಎಂದು ಹೇಳಿ ಬಸ್ಸು ಹಿಡಿದು ಹೊರಟುಹೋದೆ.

ಅದಾದ ಹನ್ನೊಂದನೆಯ ರಾತ್ರಿ ನೆರೆಮನೆಯ ಅಜ್ಜಿಯೊಬ್ಬಳು ಬಯಲಿಗೆಂದು ಎದ್ದವಳು, ನನ್ನ ತಂಗಿ ಕೂಸನ್ನೆತ್ತಿಕೊಂಡು ಹಿತ್ತಲ ಬಾವಿಯ ಬಳಿ ನಿಂತಿರುವದನ್ನು ಕಂಡಳು. ಆ ಪುಣ್ಯಾತಗಿತ್ತಿ ಕೂಗಲಿಲ್ಲ, ಬೈಯಲಿಲ್ಲ. ಹತ್ತಿರ ಹೋಗಿ, 'ತಾ ಇಲ್ಲೆ, ಕೂಸಿನ್ನ ನಾ ಹಿಡಕೋತೀನಿ, ನಿನ್ನ ಕೈ ನೊಂದಾವು' ಅಂದಳಂತೆ. ಅದೊಂದು ಮಾತಿನಿಂದ ಎರಡು ಜೀವಗಳು ಉಳಿದವು. ಮನೆಯವರು ಅದನ್ನು ಬಾಣಂತಿ ಸನ್ನಿಯೆಂದರು, ಗಾಳಿಯೆಂದರು, ಚೀಟಿ ಕಟ್ಟಿಸಬೇಕೆಂದರು. ನಾನು ಬಂದು ಮಾನಸಿಕ ರೋಗಗಳ ದವಾಖಾನೆಗೆ ಕರೆದೊಯ್ದೆನು. ಅಲ್ಲಿ ಕೂಸನ್ನು ಇಟ್ಟುಕೊಳ್ಳುವ ಅನುಕೂಲತೆಯಿರಲಿಲ್ಲ. ತಾಯಿ ಒಂದು ಕಡೆ, ಕೂಸು ಒಂದು ಕಡೆ. ಏಳು ವಾರಗಳ ಮೇಲೆ ಅವಳು ಗುಣಮುಖಳಾಗಿ ಮರಳಿದಾಗ ಎದೆಯಲ್ಲಿ ಹಾಲಿರಲಿಲ್ಲ. ಕೂಸು ಅವಳ ಮುಖ ಕಂಡು ಅಳುತ್ತಿತ್ತು.

ಕೆಲವು ವರುಷಗಳು ಕಳೆದ ಮೇಲೆ ಒಮ್ಮೆ ಅವಳನ್ನು ಕೇಳಿದೆ, 'ಆವಾಗ ನಿನಗ ಏನ್ ಬೇಕಾಗಿತ್ತು?' ಅವಳು ಬಹಳ ಹೊತ್ತು ಯೋಚಿಸಿ, 'ಒಂದ ತಂಬಿಗಿ ಮಜ್ಜಿಗಿ, ಒಂದ ರಾತ್ರಿ ನಿದ್ದಿ' ಅಂದಳು. ಮಜ್ಜಿಗೆ ಕುಡಿದಿದ್ದರೆ ಆ ರೋಗ ಬರುತ್ತಿರಲಿಲ್ಲವೆಂದು ನಾನು ಹೇಳಲಾರೆ. ಅದು ಅಷ್ಟು ಸರಳವಾದ ರೋಗವಲ್ಲ. ಆದರೆ ಕೇಳುವವರು ಒಬ್ಬರಿದ್ದಿದ್ದರೆ ಹನ್ನೊಂದು ದಿನ ಮೊದಲೇ ಅದು ನಮಗೆ ಗೊತ್ತಾಗುತ್ತಿತ್ತು. ಅವಳು ಹೇಳಿಯೂ ಇದ್ದಳು. ಕೇಳಿಸಿಕೊಳ್ಳಬೇಕಾದ ಕಿವಿ ನನ್ನದಾಗಿತ್ತು.

ಈಗ ಪಥ್ಯದ ವಿಚಾರಕ್ಕೆ ಬರುತ್ತೇನೆ. ನಮ್ಮ ಹಿರಿಯರ ಬಾಣಂತನದಲ್ಲಿ ಒಳ್ಳೆಯದೇನೂ ಇಲ್ಲವೆಂದು ನಾನು ತಿಳಿದವಳಲ್ಲ. ಅಂಟಿನ ಉಂಡಿಯನ್ನು ನೋಡಿರಿ: ಅಂಟು, ಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ, ತುಪ್ಪ. ಹಾಲೂಡುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲರಿಗಳಷ್ಟು ಹೆಚ್ಚಿನ ಆಹಾರ ಬೇಕೆಂದು ನಮ್ಮ ದೇಶದ ಪೋಷಣಶಾಸ್ತ್ರಜ್ಞರು ಗೊತ್ತುಪಡಿಸಿದ್ದಾರೆ. ಗರ್ಭಿಣಿಗೆ ಬೇಕಾದ ಹೆಚ್ಚಳವು 350 ಮಾತ್ರ. ಅಂದರೆ ಬಸುರಿಗಿಂತ ಬಾಣಂತಿಯ ಹಸಿವು ದೊಡ್ಡದು. ಲೆಕ್ಕ ತಿಳಿಯದ ನಮ್ಮ ಅಜ್ಜಿಯರು ಈ ಹಸಿವನ್ನು ತಿಳಿದಿದ್ದರು. ತುಪ್ಪ ಸುರಿದ ಗೋದಿಯ ಸಜ್ಜಕ, ಆಳವಿಯ ಪಾಯಸ, ಬೆಳ್ಳುಳ್ಳಿ, ಸಬ್ಬಸಿಗೆ, ಇವೆಲ್ಲ ಅಕ್ಕರೆಯ ಅಡಿಗೆಗಳೇ. ತವರಿಗೆ ಕರೆತಂದು ತಿಂಗಳುಗಟ್ಟಲೆ ಕೆಲಸ ಬಿಡಿಸಿ ಎರೆದು ಮಲಗಿಸುವ ಪದ್ಧತಿಯಂತೂ ಅನರ್ಘ್ಯವಾದದ್ದು.

ಕೇಡಿರುವದು ಕೊಡುವದರಲ್ಲಲ್ಲ, ಕಳೆಯುವದರಲ್ಲಿ. ಹಲವು ಮನೆಗಳಲ್ಲಿ ಬೇಳೆಯು ವಾಯುವೆಂದು ವರ್ಜ್ಯ. ಮೊಸರು ಮಜ್ಜಿಗೆಗಳು ತಂಪೆಂದು ವರ್ಜ್ಯ. ಸೊಪ್ಪು ಹಣ್ಣುಗಳು ಕೂಸಿಗೆ ಶೀತವೆಂದು ವರ್ಜ್ಯ. ರೊಟ್ಟಿಯು ಜಡವೆಂದು ವರ್ಜ್ಯ. ಇವನ್ನೆಲ್ಲ ಕಳೆದ ಮೇಲೆ ತಟ್ಟೆಯಲ್ಲಿ ಉಳಿಯುವದೇನು? ಬೆಳ್ಳಗಿನ ಮೆತ್ತನ್ನ ಅನ್ನ, ತುಪ್ಪ, ಮೆಣಸಿನ ಸಾರು. ಹುಟ್ಟಿದಂದಿನಿಂದ ಜೋಳದ ರೊಟ್ಟಿ, ಬೇಳೆಯ ಪಲ್ಯ, ಮಜ್ಜಿಗೆಗಳಿಂದ ಬೆಳೆದ ಮೈಯಿಂದ ಆ ಮೂರನ್ನೂ ಒಮ್ಮೆಲೇ ಕಸಿದುಕೊಂಡು, ಹಬ್ಬಕ್ಕೊಮ್ಮೆ ಉಣ್ಣುತ್ತಿದ್ದ ಬಿಳಿಯ ಅನ್ನವನ್ನು ನಾವು ಗೌರವದಿಂದ ಬಡಿಸುತ್ತೇವೆ. ಗೌರವವೇನೋ ನಿಜ. ಪೋಷಣೆಯ ದೃಷ್ಟಿಯಿಂದ ಮಾತ್ರ ಇದು ಉಳ್ಳವರನ್ನು ಬಡವರನ್ನಾಗಿ ಮಾಡುವ ವಿದ್ಯೆ.

ಇದರಿಂದ ಸಂಭವಿಸುವ ಹಾನಿಯನ್ನು ಕುರಿತು ತುಸು ವಿಸ್ತಾರವಾಗಿಯೇ ಹೇಳಬೇಕಾಗಿದೆ. ಭತ್ತದ ಕಾಳಿನ ಮೇಲ್ಪದರಾದ ತೌಡಿನಲ್ಲಿ ಥಯಾಮಿನ್ ಎಂಬ ಜೀವಸತ್ವವಿರುವದು. ಬಿ-1 ಎಂದೂ ಅದನ್ನು ಕರೆಯುವರು. ಗಿರಣಿಯಲ್ಲಿ ಅಕ್ಕಿಯನ್ನು ಬೆಳ್ಳಗೆ ಮಾಡಿದಾಗ ಅದರ ಬಹುಭಾಗವು ತೌಡಿನೊಡನೆ ಹೋಗುವದು. ಮೂರು ಸಲ ತೊಳೆದಾಗ ಇನ್ನಷ್ಟು ನೀರಿನೊಡನೆ ಹೋಗುವದು. ಅನ್ನ ಬಸಿದರೆ ಗಂಜಿಯೊಡನೆ ಉಳಿದದ್ದೂ ಹೋಗುವದು. 1890ರ ಸುಮಾರಿಗೆ ಜಾವಾ ದ್ವೀಪದಲ್ಲಿದ್ದ ಐಕ್‌ಮನ್ ಎಂಬ ಡಚ್ ವೈದ್ಯರು ಬಿಳಿಯ ಅನ್ನ ತಿಂದ ಕೋಳಿಗಳು ಕಾಲು ಸೋತು ಬೀಳುವದನ್ನೂ, ತೌಡು ಕೊಟ್ಟಾಗ ಚೇತರಿಸಿಕೊಳ್ಳುವದನ್ನೂ ಕಂಡುಹಿಡಿದರು. ಅದಕ್ಕಾಗಿ 1929ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಬೆರಿಬೆರಿಯೆಂಬ ಆ ರೋಗವು ಗ್ರಂಥಗಳಲ್ಲಿ ಮಾತ್ರ ಉಳಿದಿದೆಯೆಂದು ವಿದ್ಯಾರ್ಥಿದೆಸೆಯಲ್ಲಿ ನಾವು ತಿಳಿದಿದ್ದೆವು.

ಹಾಗಿರಲಿಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಇತ್ತೀಚಿನ ವರುಷಗಳಲ್ಲಿ ಒಂದು ವಿಚಿತ್ರವನ್ನು ಕಂಡರು. ತಾಯಿಯ ಹಾಲನ್ನೇ ಕುಡಿದು ಬೆಳೆಯುತ್ತಿದ್ದ ಎರಡು ಮೂರು ತಿಂಗಳಿನ ಕೂಸುಗಳು ಏಕಾಏಕಿ ಹಾಲು ಬಿಟ್ಟು, ನರಳಿ, ಮೇಲುಸಿರು ಬಿಡುತ್ತ ದವಾಖಾನೆಗೆ ಬರುತ್ತಿದ್ದವು. ಪುಪ್ಪುಸದ ರಕ್ತನಾಳಗಳಲ್ಲಿ ಒತ್ತಡವೇರಿ ಹೃದಯದ ಬಲಭಾಗವು ಹಿಗ್ಗಿರುತ್ತಿತ್ತು. ಜನ್ಮತಃ ಹೃದಯದೋಷವೇನೂ ಕಾಣಲಿಲ್ಲ. ಥಯಾಮಿನ್ ಸೂಜಿಮದ್ದು ಕೊಟ್ಟೊಡನೆ ಅವು ಬೇಗನೆ ಚೇತರಿಸಿಕೊಂಡವು. ವಿಚಾರಿಸಲಾಗಿ ಈ ತಾಯಂದಿರು ಬಾಣಂತನದಲ್ಲಿ ಬಿಳಿಯ ಅನ್ನವೇ ಮುಖ್ಯವಾದ ಕಟ್ಟುನಿಟ್ಟಿನ ಪಥ್ಯದಲ್ಲಿದ್ದರು. ಈ ಜೀವಸತ್ವವನ್ನು ನಮ್ಮ ಶರೀರವು ಎರಡು ಮೂರು ವಾರಗಳಿಗಿಂತ ಹೆಚ್ಚು ಕಾಲ ಸಂಗ್ರಹಿಸಿಡಲಾರದು. ತಾಯಿಯಲ್ಲಿ ಇಲ್ಲದ್ದು ಹಾಲಿನಲ್ಲಿಯೂ ಇರದು. ಯಾವ ಕೂಸಿನ ಹಿತಕ್ಕಾಗಿ ತಾಯಿಯ ಬಾಯಿ ಕಟ್ಟಿದೆವೋ ಅದೇ ಕೂಸಿನ ಗುಂಡಿಗೆ ಸೋತಿತು. ಜೋಳದ ರೊಟ್ಟಿಯಲ್ಲಿ ಈ ಸತ್ವವು ಬಿಳಿಯ ಅಕ್ಕಿಗಿಂತ ಹಲವು ಪಟ್ಟು ಇದೆ. ತೊಗರಿಬೇಳೆಯಲ್ಲಿ ಇನ್ನೂ ಹೆಚ್ಚಿದೆ. ನಾವು ಕಸಿದುಕೊಂಡ ತಟ್ಟೆಯಲ್ಲಿಯೇ ಮದ್ದು ಇತ್ತು.

ಮಜ್ಜಿಗೆಯ ಮಾತೂ ಹೀಗೆಯೇ. ಮಾಂಸಾಹಾರವನ್ನು ವರ್ಜಿಸಿದ ಮನೆತನಗಳವರಾದ ನಮಗೆ ಬಿ-12 ಎಂಬ ಜೀವಸತ್ವವು ಹಾಲು, ಮೊಸರು, ಮಜ್ಜಿಗೆಗಳ ಹೊರತು ಬೇರೆ ಆಹಾರದಿಂದ ದೊರೆಯುವದು ದುರ್ಲಭ. ಕಾಳುಕಡಿಗಳಲ್ಲಿ, ಕಾಯಿಪಲ್ಲೆಯಲ್ಲಿ ಅದು ಇಲ್ಲ. ಅದು ಕುಂದಿದಾಗ ರಕ್ತ ಕ್ಷೀಣಿಸುವದಷ್ಟೇ ಅಲ್ಲದೆ ನರಗಳು ಸೋಲುವವು, ಮರೆವು, ಮಂಕು, ಖಿನ್ನತೆಗಳು ಕವಿಯಬಹುದು. 1962ರಲ್ಲಿ ವೆಲ್ಲೂರಿನ ವೈದ್ಯರು ಇಂಥ ತಾಯಂದಿರ ಎದೆಹಾಲು ಕುಡಿದ ಕೂಸುಗಳ ವೃತ್ತಾಂತವನ್ನು ಪ್ರಕಟಿಸಿದರು. ನಗುತ್ತಿದ್ದ ಕೂಸು ನಗು ಮರೆಯುವದು; ಕತ್ತು ನಿಲ್ಲಿಸುತ್ತಿದ್ದುದು ಕತ್ತು ಚೆಲ್ಲುವದು; ಕೈಕಾಲುಗಳಲ್ಲಿ ನಡುಕ, ಚರ್ಮದ ಮೇಲೆ ಕಪ್ಪು. ಬಿ-12 ಕೊಟ್ಟಾಗ ಅವು ಸುಧಾರಿಸಿದವು. ಶಾಕಾಹಾರವು ನಮ್ಮ ಧರ್ಮವಾದಲ್ಲಿ ಬಾಣಂತಿಯ ತಟ್ಟೆಗೆ ಮಜ್ಜಿಗೆ ನೀಡುವದೂ ಆ ಧರ್ಮದೊಳಗೇ ಬರುವದೆಂದು ನನ್ನ ಭಾವನೆ. ಹಾಲು ಮಜ್ಜಿಗೆ ಸಾಲದವರು ವೈದ್ಯರನ್ನು ಕೇಳಿ ಗುಳಿಗೆ ತೆಗೆದುಕೊಳ್ಳಲಿ, ಅದರಲ್ಲಿ ಅವಮಾನವಿಲ್ಲ.

ಸೊಪ್ಪಿನ ವಿಷಯದಲ್ಲಿ ಒಬ್ಬ ಮಹಾತಾಯಿಯನ್ನು ಸ್ಮರಿಸದೆ ಮುಂದೆ ಹೋಗಲಾರೆ. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದರು. ಅಲ್ಲಿಯ ಬಟ್ಟೆಯ ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರು ಬಸುರಿನಲ್ಲಿ ಬಿಳಿಚಿಕೊಂಡು, ಬಾತುಕೊಂಡು ಸಾಯುತ್ತಿದ್ದರು. ಕ್ರಿಮಿಗಳೇ ಕಾರಣವೆಂದು ಹಲವರ ತರ್ಕ. ಈಕೆ ಮಾತ್ರ ಅವರು ಉಣ್ಣುವದೇನೆಂದು ವಿಚಾರಿಸತೊಡಗಿದರು. ಉಳ್ಳವರ ಮನೆಯ ಊಟಕ್ಕೂ ಇವರ ಊಟಕ್ಕೂ ಇದ್ದ ಅಂತರವನ್ನು ಬರೆದುಕೊಂಡರು. ಇಲಿಗಳಿಗೆ, ಮಂಗಗಳಿಗೆ ಅದೇ ಆಹಾರವನ್ನಿತ್ತು ಪರೀಕ್ಷಿಸಿದರು. ಕೊನೆಗೆ ಮಾರ್ಮೈಟ್ ಎಂಬ ಅಗ್ಗದ ಹುದುಗಿನ ಸಾರದಿಂದ ಆ ತಾಯಂದಿರಲ್ಲಿ ಮತ್ತೆ ರಕ್ತ ತುಂಬುವದನ್ನು ಕಂಡು 1931ರಲ್ಲಿ ಜಗತ್ತಿಗೆ ಸಾರಿದರು. ಅದರೊಳಗಿನ ಗುಣಕಾರಿಯಾದ ಫೋಲಿಕ್ ಆಮ್ಲವನ್ನು 1941ರಲ್ಲಿ ಪಾಲಕ ಸೊಪ್ಪಿನಿಂದ ಬೇರ್ಪಡಿಸಲಾಯಿತು. ಇಂದು ಗರ್ಭಿಣಿಯರಿಗೆ ಕೊಡುವ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದೊಡನೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವದು; ಬಸುರಿನಲ್ಲಿ 180 ದಿನ, ಹೆತ್ತ ಮೇಲೆ ಮತ್ತೆ 180 ದಿನ ನುಂಗತಕ್ಕದ್ದು. ಹೆತ್ತ ಮೇಲಿನ ಆ 180 ದಿನಗಳ ಗುಳಿಗೆಗಳು ಎಷ್ಟು ಮನೆಗಳ ಗೂಡಿನಲ್ಲಿ ಹಾಗೆಯೇ ಉಳಿದಿವೆಯೆಂಬದನ್ನು ನಾನು ಬಲ್ಲೆ! ಮಲ ಕಪ್ಪಾಯಿತೆಂದು ಬೆದರಿ ಬಿಡುವವರುಂಟು. ಅದು ಕಬ್ಬಿಣದ ಬಣ್ಣ, ಬೆದರಬೇಕಾಗಿಲ್ಲ. ಚಹದೊಡನೆ ನುಂಗಿದರೆ ಮಾತ್ರ ಅದು ಮೈಗೆ ಹತ್ತುವದಿಲ್ಲ. ನಿಂಬೆಯ ಪಾನಕದೊಡನೆ ನುಂಗಿರಿ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಜನರು ರಕ್ತಹೀನರು. ರಕ್ತವಿಲ್ಲದವಳಿಗೆ ಎದ್ದರೆ ಕಣ್ಣು ಕತ್ತಲೆ, ಕೂತರೆ ಎದೆಬಡಿತ. ಅವಳನ್ನು ನಾವು ಸೋಮಾರಿಯೆಂದು ಕರೆಯುತ್ತೇವೆ. ಹೀಗೆ ಕರೆಯಿಸಿಕೊಂಡವಳ ಮನಸ್ಸು ಮೊದಲೇ ಕುಂದಿದ್ದರೆ ಇನ್ನಷ್ಟು ಕುಂದುವದು. ಮನಸ್ಸು ಕುಂದಿದವಳಿಗೆ ತುತ್ತು ಇಳಿಯದು. ತಟ್ಟೆ ಮತ್ತು ಮನಸ್ಸುಗಳ ನಡುವೆ ಇಂಥ ಹೋಗುಬರುವ ದಾರಿಯಿದೆ. ಆದುದರಿಂದಲೇ ಈ ಎರಡನ್ನೂ ಒಂದೇ ಭಾಷಣದಲ್ಲಿ ಹೇಳಬೇಕೆಂದ ಗೋಷ್ಠಿಯ ಕಾರ್ಯಕರ್ತರ ವಿವೇಚನೆಯು ಸರಿಯಾದದ್ದು.

ಮನಸ್ಸಿನ ತೊಂದರೆಗಳಲ್ಲಿ ತರತಮವುಂಟು. ಹೆತ್ತ ಮೂರನೆಯ ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುವದು ಅರ್ಧಕ್ಕರ್ಧ ತಾಯಂದಿರಲ್ಲಿ ಕಾಣುವ ಸಂಗತಿ. ಎರಡು ವಾರದೊಳಗೆ ತಾನೇ ಹೋಗುವದು. ಬೆನ್ನು ಸವರುವ ಕೈಯೊಂದಿದ್ದರೆ ಸಾಕು. ಎರಡು ವಾರ ಮೀರಿಯೂ ಮಂಕು ಹರಿಯದೆ, ಯಾವದರಲ್ಲಿಯೂ ಸಂತೋಷವಿಲ್ಲದೆ, ಕೂಸು ಮಲಗಿದರೂ ತನಗೆ ನಿದ್ದೆ ಬಾರದೆ, ತಾನು ಕೆಟ್ಟ ತಾಯಿಯೆಂದು ಕೊರಗುತ್ತಿದ್ದರೆ ಅದು ಖಿನ್ನತೆಯೆಂಬ ರೋಗ. ನಮ್ಮ ದೇಶದಲ್ಲಿ ನಡೆದ 38 ಅಧ್ಯಯನಗಳನ್ನು ಕೂಡಿಸಿ 2017ರಲ್ಲಿ ಲೆಕ್ಕ ಹಾಕಿದಾಗ ನೂರು ಬಾಣಂತಿಯರಲ್ಲಿ ಸುಮಾರು 22 ಜನರಿಗೆ ಇದು ಇದ್ದಿತು. ಬಸುರಿನಲ್ಲಿಯೂ ಇದು ಬರಬಹುದು. ಮೂರನೆಯದು ನನ್ನ ತಂಗಿಗೆ ಬಂದದ್ದು. ಸಾವಿರಕ್ಕೆ ಒಬ್ಬಿಬ್ಬರಲ್ಲಿ, ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲಿಯೇ ಕಾಣಿಸಿಕೊಳ್ಳುವದು. ನಿದ್ದೆಯೇ ಬೇಡವಾಗುವದು, ಇಲ್ಲದ್ದು ಕಾಣುವದು ಕೇಳುವದು, ಕೂಸಿನ ವಿಷಯದಲ್ಲಿ ವಿಪರೀತ ಭಾವನೆಗಳು ಹುಟ್ಟುವದು ಇದರ ಲಕ್ಷಣಗಳು. ಆ ತಾಯಿಯನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡದೆ ಅದೇ ದಿನ ವೈದ್ಯರಲ್ಲಿಗೆ ಒಯ್ಯತಕ್ಕದ್ದು. ಇದು ಗಾಳಿಯಲ್ಲ, ಶಾಪವಲ್ಲ, ಗುಣವಾಗುವ ರೋಗ.

ಕಾರಣಗಳನ್ನು ಕುರಿತು ಬಹಳ ಮಾತು ಬೇಡ. ಡಾಕ್ಟರ ವಿಕ್ರಮ ಪಟೇಲ ಮತ್ತು ಅವರ ಸಂಗಡಿಗರು ಗೋವೆಯಲ್ಲಿ 270 ತಾಯಂದಿರನ್ನು ಅಭ್ಯಸಿಸಿ 2002ರಲ್ಲಿ ಪ್ರಕಟಿಸಿದ ಬರಹದಲ್ಲಿ ನೂರಕ್ಕೆ 23 ಜನರಿಗೆ ಖಿನ್ನತೆಯಿತ್ತು. ಬಡತನ, ಗಂಡನ ಹೊಡೆತ, ಗಂಡುಮಗುವನ್ನು ಬಯಸಿದ ಮನೆಯಲ್ಲಿ ಹೆಣ್ಣು ಹುಟ್ಟಿದ್ದು, ಇವು ಮುಂದಾಗಿ ಕಂಡುಬಂದವು. ಮುಂದಿನ ವರುಷದ ಬರಹದಲ್ಲಿ ಖಿನ್ನರಾದ ತಾಯಂದಿರ ಕೂಸುಗಳು ಆರನೆಯ ತಿಂಗಳಿಗೆ ತೂಕದಲ್ಲಿ ಹಿಂದುಳಿದದ್ದನ್ನೂ ತೋರಿಸಿದರು. ಮೂರನೆಯದೂ ಹೆಣ್ಣೆಂದು ಬೇಸರಪಡಬೇಡವೆಂದು ನನ್ನ ತಂಗಿಗೆ ನಾನು ಹೇಳಿದೆನಷ್ಟೆ? ಆ ಬೇಸರ ಅವಳದಾಗಿರಲಿಲ್ಲ. ನಮ್ಮೆಲ್ಲರ ಮುಖದ ಮೇಲೆ ಅವಳು ಅದನ್ನು ಓದಿದ್ದಳು.

ಜನನಸೂತಕವೆಂಬದನ್ನು ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಅಲ್ಲಗಳೆದರು. ಹೆತ್ತವಳು ಮೈಲಿಗೆಯಲ್ಲವೆಂದು ಸಾರಿದ ಪರಂಪರೆಯವರಾದ ನಮ್ಮ ಮನೆಗಳಲ್ಲಿಯೂ ಬಾಣಂತಿಯ ಕೋಣೆಯ ಕಿಟಕಿ ಇನ್ನೂ ತೆರೆದಿಲ್ಲ. ಮೈಲಿಗೆಯ ಹೆಸರು ಹೋಯಿತು, ಕತ್ತಲೆ ಉಳಿಯಿತು. ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಕೆಂಡವಿಡುವದು ತಾಯಿಕೂಸುಗಳಿಬ್ಬರ ಉಸಿರಿಗೂ ಅಪಾಯ. ಗಾಳಿ ಬೆಳಕು ಬರಲಿ. ನಾಲ್ಕು ಜನರ ಮುಖ ಕಾಣಲಿ. ಬಾಯಾರಿದಷ್ಟು ನೀರು ಕುಡಿಯಲಿ.

ಕೇಳುವದು ಹೇಗೆಂಬ ಪ್ರಶ್ನೆಗೆ ಉತ್ತರ ಕಷ್ಟವಿಲ್ಲ. ನಾನು ತಂಗಿಯ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ಹೊರಟ ಅದೇ 1987ರಲ್ಲಿ ಸ್ಕಾಟ್ಲಂಡದಲ್ಲಿ ಜಾನ್ ಕಾಕ್ಸ್ ಮತ್ತು ಅವರ ಇಬ್ಬರು ಸಂಗಡಿಗರು ಹತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ಎಡಿನ್‌ಬರೋ ಪಟ್ಟಿಯೆಂದು ಅದು ಪ್ರಸಿದ್ಧವಾಗಿದೆ, ಕನ್ನಡಕ್ಕೂ ಬಂದಿದೆ. ಕಳೆದ ಏಳು ದಿನಗಳಲ್ಲಿ ನಗು ಬಂದಿತ್ತೇ, ಮುಂದಿನ ದಿನಗಳ ಬಗ್ಗೆ ಉತ್ಸಾಹವಿತ್ತೇ, ವಿನಾಕಾರಣ ತನ್ನನ್ನೇ ಹಳಿದುಕೊಂಡದ್ದುಂಟೇ, ದಿಗಿಲಾಗಿತ್ತೇ, ಎಂದು ಮುಂತಾಗಿ ಅದು ಕೇಳುವದು. ಆಯಾಸವನ್ನೂ ಹಸಿವನ್ನೂ ಅದು ಕೇಳುವದಿಲ್ಲ. ಹೆತ್ತವಳಿಗೆ ದಣಿವು ಇದ್ದೇ ಇರುವದರಿಂದ ಅದರಿಂದ ರೋಗ ಗೊತ್ತಾಗದೆಂಬ ಜಾಣತನ ಇದರಲ್ಲಿದೆ. ಕೊನೆಯ ಪ್ರಶ್ನೆಯು ತನಗೆ ತಾನೇ ಕೇಡು ಮಾಡಿಕೊಳ್ಳುವ ಯೋಚನೆಯನ್ನು ಕುರಿತದ್ದು. ಅದನ್ನು ಕೇಳಿದರೆ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾದೀತೆಂದು ಹಲವರು ಅಂಜುವರು. ಹಾಗಾಗುವದಿಲ್ಲ. ಕೇಳಿದಾಗ ಎಷ್ಟೋ ಜನ ತಾಯಂದಿರು ನನ್ನ ಕೈ ಹಿಡಿದು ಅತ್ತು ಹಗುರಾಗಿದ್ದಾರೆ.

ಈ ಕೆಲಸಕ್ಕೆ ದೊಡ್ಡ ಪದವಿಯೂ ಬೇಕಾಗಿಲ್ಲ. ಪಾಕಿಸ್ತಾನದ ರಾವಲಪಿಂಡಿಯ ಸುತ್ತಲಿನ ಹಳ್ಳಿಗಳಲ್ಲಿ ಅತೀಫ್ ರಹಮಾನ್ ಎಂಬ ವೈದ್ಯರು ಅಲ್ಲಿಯ ಆರೋಗ್ಯ ಕಾರ್ಯಕರ್ತೆಯರಿಗೆ ಸ್ವಲ್ಪ ತರಬೇತಿಯಿತ್ತು, ಖಿನ್ನರಾದ ಗರ್ಭಿಣಿಯರ ಮನೆಗೆ ಹೋಗಿ ಕ್ರಮವಾಗಿ ಮಾತಾಡಿಸುವ ಏರ್ಪಾಡು ಮಾಡಿದರು. ನಮ್ಮ ಆಶಾ ಕಾರ್ಯಕರ್ತೆಯರಂಥ ಹಳ್ಳಿಯ ಹೆಣ್ಣುಮಕ್ಕಳೇ ಅವರು. 2008ರಲ್ಲಿ ಫಲಿತಾಂಶ ಪ್ರಕಟವಾಯಿತು: ಕೂಸಿಗೆ ಆರು ತಿಂಗಳಾದಾಗ ಹೀಗೆ ಮಾತಾಡಿಸಿದವರಲ್ಲಿ ನೂರಕ್ಕೆ 23 ಜನರಿಗೆ ಖಿನ್ನತೆ ಉಳಿದಿದ್ದರೆ, ಉಳಿದವರಲ್ಲಿ 53 ಜನರಿಗೆ ಉಳಿದಿತ್ತು. ಮಾತಿನಿಂದ ಗುಣವಾಗದವರಿಗೆ ಮದ್ದುಗಳಿವೆ. ಹಾಲೂಡುವಾಗಲೂ ಕೊಡಬಹುದಾದಂಥವನ್ನು ವೈದ್ಯರು ಆರಿಸಿ ಕೊಡುವರು. ತಾಯಿಯನ್ನು ಕೂಸಿನಿಂದ ಅಗಲಿಸದೆ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಮಾಡುವ ವಿಭಾಗವು 2009ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಆರಂಭವಾಯಿತು. ಅದರ ವಾರ್ತೆಯನ್ನು ಓದಿದ ದಿನ ನಾನು ಪತ್ರಿಕೆಯನ್ನು ಮಡಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ದೂರವಾಣಿಯಲ್ಲಿ 14416 ಎಂಬ ಸಂಖ್ಯೆಗೆ ಕರೆದರೆ ಟೆಲಿ-ಮಾನಸ ಎಂಬ ಸರಕಾರೀ ಸೇವೆಯವರು ಹಗಲಿರುಳು ಮಾತಾಡುವರು. 2022ರಿಂದ ಅದು ನಡೆದಿದೆ.

ನಮ್ಮ ಸರಕಾರವು 2017ರ ಅಕ್ಟೋಬರ 2ರಂದು ಮಾತೃಪೂರ್ಣವೆಂಬ ಯೋಜನೆಯನ್ನು ರಾಜ್ಯದಲ್ಲೆಲ್ಲ ಆರಂಭಿಸಿ ಅಂಗನವಾಡಿಗಳಲ್ಲಿ ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟವನ್ನು ಏರ್ಪಡಿಸಿತು: ಅನ್ನ, ಸಾರು, ಪಲ್ಯ, ಹಾಲು, ಶೇಂಗಾ ಚಿಕ್ಕಿ, ಒಲ್ಲೆನ್ನದವರಿಗೆ ತತ್ತಿ. ನಾನು ಅದರಲ್ಲಿ ಮೆಚ್ಚಿದ್ದು ಊಟಕ್ಕಿಂತ ಮಿಗಿಲಾಗಿ ಪಂಕ್ತಿಯನ್ನು. ದಿನಕ್ಕೊಮ್ಮೆ ನಾಲ್ಕು ಜನ ತಾಯಂದಿರು ಒಂದೆಡೆ ಕೂತು ಉಂಡರೆ ಯಾರ ಮುಖ ಬಾಡಿದೆಯೆಂಬದು ಒಬ್ಬರಿಗೊಬ್ಬರಿಗೆ ತಿಳಿಯುವದು. ಆದರೆ ಬಾಣಂತಿಯು ಹೊಸ್ತಿಲು ದಾಟಬಾರದೆಂಬ ಕಟ್ಟಳೆಯಿರುವ ಮನೆಯವಳು ಆ ಪಂಕ್ತಿಗೆ ಬರುವದೆಂತು? ಈ ಮಠದ ದಾಸೋಹದಲ್ಲಿ ಬಡಿಸುವವರು ಪ್ರತಿಯೊಬ್ಬರ ಮುಂದೆ ನಿಂತು 'ಇನ್ನೇನು ಬೇಕು?' ಎಂದು ಕೇಳದೆ ಮುಂದೆ ಹೋಗುವದಿಲ್ಲ. ಗುರುತಿಲ್ಲದ ಪರಸ್ಥಳದವನಿಗೆ ಸಲ್ಲುವ ಈ ಪ್ರಶ್ನೆಯು ಮನೆಯೊಳಗಿನ ಬಾಣಂತಿಗೂ ಸಲ್ಲಲಿ.

ಗಂಡಸರಿಗೆ ಒಂದೇ ಮಾತು. ಬಾಣಂತನ ತವರಿನ ಭಾರವೆಂದು ತಾವು ಮೂರು ತಿಂಗಳು ನಿಶ್ಚಿಂತರಾಗಿರುತ್ತೀರಿ. ಕೂಸನ್ನು ನೋಡಲು ಹೋದಾಗ ಅದರ ತಾಯಿಯ ಹತ್ತಿರ ಅರ್ಧ ಗಳಿಗೆ ಕೂತುಕೊಳ್ಳಿರಿ. ಬೇರೆಯವರನ್ನು ಹೊರಗೆ ಕಳಿಸಿ ಕೂತುಕೊಳ್ಳಿರಿ. ರಾತ್ರಿಯಲ್ಲಿ ಕೂಸನ್ನೆತ್ತಿಕೊಂಡು ತಿರುಗಾಡಿದರೆ ಯಾವ ಗಂಡಸಿನ ಮೀಸೆಯೂ ಉದುರಿದ್ದನ್ನು ನಾನು ಕಂಡಿಲ್ಲ.

1987ರಲ್ಲಿ ಹುಟ್ಟಿದ ಆ ಕೂಸು ಬೆಳೆದು, ಓದಿ, ಲಗ್ನವಾಗಿ, 2014ರಲ್ಲಿ ಚೊಚ್ಚಲ ಹೆರಿಗೆಗೆ ನನ್ನ ತಂಗಿಯ ಮನೆಗೆ ಬಂದಳು. ಬಾಣಂತನಕ್ಕೆ ನಾನೂ ಹೋಗಿದ್ದೆ. ಕಿಟಕಿ ತೆರೆದಿತ್ತು. ತಟ್ಟೆಯಲ್ಲಿ ಬಿಸಿರೊಟ್ಟಿ, ತೊಗರಿಬೇಳೆ ಹಾಕಿದ ಮೆಂತ್ಯಪಲ್ಯ, ಒಂದು ಅಂಟಿನ ಉಂಡಿ, ಪಕ್ಕದಲ್ಲಿ ತುಂಬಿದ ಮಜ್ಜಿಗೆಯ ತಂಬಿಗೆ. ರಾತ್ರಿ ಹನ್ನೆರಡಕ್ಕೆ ಹಾಲು ಕುಡಿಸಿದ ಮೇಲೆ ತಂಗಿ ಕೂಸನ್ನು ತನ್ನ ಮಗ್ಗುಲಿಗೆ ತೆಗೆದುಕೊಂಡು, ಹಸಿದು ಅತ್ತ ಹೊರತು ಮಗಳನ್ನು ಎಬ್ಬಿಸುತ್ತಿರಲಿಲ್ಲ. ಮುಂಜಾನೆ ಎದ್ದೊಡನೆ ಮಗಳ ಹೊರಸಿನ ಅಂಚಿಗೆ ಕೂತು ಅವಳು ಕೇಳುವ ಮೊದಲ ಮಾತು ಕೂಸಿನ ಬಗ್ಗೆ ಇರುತ್ತಿರಲಿಲ್ಲ. 'ನಿನಗ ಹೆಂಗ ಅನಸ್ತೈತವ್ವಾ?' ಎಂದು ಕೇಳಿ, ಉತ್ತರ ಬರುವ ತನಕ ಅಲ್ಲಿಂದ ಏಳುತ್ತಿರಲಿಲ್ಲ.

ಸಭೆ ಮುಗಿದ ಬಳಿಕ ದಾಸೋಹಮಂದಿರದ ಬಲಗಡೆಯ ಕೋಣೆಯಲ್ಲಿ ಆ ಹತ್ತು ಪ್ರಶ್ನೆಗಳ ಕನ್ನಡದ ಹಾಳೆಗಳೊಡನೆ ನಾನೂ ಇಬ್ಬರು ದಾದಿಯರೂ ಸಂಜೆ ಐದು ಗಂಟೆಯ ವರೆಗೆ ಕುಳಿತಿರುವೆವು. ಮನೆಯಲ್ಲಿ ಬಸುರಿ ಬಾಣಂತಿಯರಿದ್ದವರು, ತಾವೇ ಬಸುರಿ ಬಾಣಂತಿಯರಾದವರು ದಯಮಾಡಿ ಬರಬೇಕು. ಅತ್ತೆಯವರು ಸೊಸೆಯಂದಿರನ್ನು ಒಳಗೆ ಬಿಟ್ಟು ಹೊರಗಿನ ಕಟ್ಟೆಯ ಮೇಲೆ ಕೂತಿರಬೇಕೆಂದು ಪ್ರಾರ್ಥನೆ. ಕೂಸುಗಳನ್ನು ಎತ್ತಿಕೊಳ್ಳಲು ಅಲ್ಲಿ ಬೇಕಾದಷ್ಟು ನೆರಳಿದೆ.